ಗೋವಾದ ಈ ಸೀಸನ್ 2019ರ ಮರುಕಳಿಕೆಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ 2025ರ ಮೇ 3ರಂದು ನಡೆದ ಫುಟ್‌ಬಾಲ್‌ನ ಸೂಪರ್ ಕಪ್ ಫೈನಲ್‌ನಲ್ಲಿ ಎಫ್‌ಸಿ ಗೋವಾ ತಂಡವು ಜಮ್ಶೆಡ್‌ಪುರ ಎಫ್‌ಸಿಯನ್ನು 3–0 ಗೋಲುಗಳಿಂದ ಮಣಿಸಿ ಎರಡನೇ ಬಾರಿ ಆ ಕಪ್ ಎತ್ತಿಕೊಂಡ ಮೇಲೆ, ಕಾರವಾರದಲ್ಲಿರುವ ಬೆಂಗಳೂರು ಎಫ್‌ಸಿ ಅಭಿಮಾನಿಗಳ ನಡುವೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. 2019ರಲ್ಲಿಯೂ ಗೋವಾದವರು ಇಂಡಿಯನ್ ಸೂಪರ್ ಲೀಗ್‌ನಲ್ಲಿ ಕೊನೆಯ ಗಳಿಗೆಯಲ್ಲಿ ನಮ್ಮೆದುರು ಸೋತು, ಬಳಿಕ ಸೂಪರ್ ಕಪ್ ಗೆದ್ದು ಸಮಾಧಾನಪಟ್ಟುಕೊಂಡಿದ್ದರು, ಈ ವರ್ಷವೂ ಆದದ್ದು ಅದೇ, ಆದ್ದರಿಂದ ಆರು ವರ್ಷಗಳಲ್ಲಿ ಆ ತಂಡ ಇದ್ದಲ್ಲಿಯೇ ಇದೆ ಎಂಬುದು ಆ ಮಾತು. ನಾನೂ ಬೆಂಗಳೂರು ತಂಡದ ಅಭಿಮಾನಿಯೇ. ಆದರೂ ಈ ಹೋಲಿಕೆಯನ್ನು ಒಪ್ಪಲು ನನ್ನಿಂದ ಸಾಧ್ಯವಾಗುತ್ತಿಲ್ಲ. ಅದು ಎದುರಾಳಿ ತಂಡದ ವರ್ಷವಿಡೀ ದುಡಿಮೆಗೆ ಬಗೆಯುವ ಅನ್ಯಾಯ. ಜೊತೆಗೆ, ನಮ್ಮ ತಂಡ ಎಲ್ಲಿ ಹಿಂದೆ ಬಿದ್ದಿದೆ ಎಂಬುದನ್ನು ನಾವೇ ನೋಡದಂತೆ ಮಾಡುತ್ತದೆ.

ಈ ಚರ್ಚೆ ಕಾರವಾರದಲ್ಲಿ ಇಷ್ಟು ಬಿಸಿಯೇರಲು ಕಾರಣವನ್ನು ಘಟ್ಟದ ಮೇಲಿನ ಓದುಗರಿಗೆ ಹೇಳಬೇಕು. ನಮಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣವೆಂದರೆ ಒಂದಿಡೀ ರಾತ್ರಿಯ ಬಸ್ ಪ್ರಯಾಣ. ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣವಾದರೋ ಕಾಳಿ ಸೇತುವೆ ದಾಟಿ, ಮಾಜಾಳಿ ಕಳೆದು, ಕಾಣಕೋಣ ಹಾದರೆ ಸಿಕ್ಕಿಬಿಡುತ್ತದೆ. ಗೋವಾದಲ್ಲಿ ನೌಕರಿಗಿರುವವರು, ಅಲ್ಲಿಗೆ ಮಗಳನ್ನು ಕೊಟ್ಟವರು, ಅಲ್ಲಿಂದ ಸೊಸೆ ತಂದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಂದೇ ಮನೆಯಲ್ಲಿ ಅಣ್ಣ ನೀಲಿ ಅಂಗಿ, ತಮ್ಮ ಕಿತ್ತಳೆ ಅಂಗಿ ಹಾಕಿಕೊಂಡು ಟಿ.ವಿ. ಮುಂದೆ ಕೂರುವುದು ಇಲ್ಲಿ ಹೊಸದೇನಲ್ಲ. ಹಾಗಾಗಿ ಗೋವಾ ತಂಡವು ನಮಗೆ ಎದುರಾಳಿಯಾಗಿದ್ದರೂ ಪರಕೀಯವಲ್ಲ, ಅದರ ಬಗ್ಗೆ ಆಡುವ ಮಾತಿಗೆ ಸ್ವಲ್ಪ ಆಧಾರವಿರಬೇಕು.

2018–19ರ ಗೋವಾ ತಂಡವನ್ನು ನೋಡಿದವರು ಅದನ್ನು ಸುಲಭದಲ್ಲಿ ಮರೆಯಲಾರರು. ಸ್ಪೇನ್‌ನ ಸರ್ಜಿಯೊ ಲೊಬೆರಾ ತರಬೇತುದಾರರಾಗಿದ್ದ ಆ ತಂಡದಲ್ಲಿ ಅಹಮದ್ ಜಾಹು ಚೆಂಡನ್ನು ಹಿಂದಿನಿಂದ ಹಂಚುತ್ತಿದ್ದರು, ಎಡು ಬೇಡಿಯಾ ಮತ್ತು ಹ್ಯೂಗೊ ಬೂಮೂ ನಡುವಿನಲ್ಲಿ ದಾರಿ ಮಾಡಿಕೊಡುತ್ತಿದ್ದರು, ಎದುರಾಳಿ ರಕ್ಷಣಾ ಆಟಗಾರ ತಿರುಗಿ ನೋಡುವಷ್ಟರಲ್ಲಿ ಫೆರಾನ್ ಕೊರೊಮಿನಾಸ್ ಗೋಲಿನ ಮುಂದೆ ನಿಂತಿರುತ್ತಿದ್ದರು. 18 ಪಂದ್ಯಗಳ ಲೀಗ್ ಹಂತದಲ್ಲಿ ಆ ತಂಡ 36 ಗೋಲು ಹೊಡೆಯಿತು; ಕೊರೊಮಿನಾಸ್ ಒಬ್ಬರೇ ಆ ಸೀಸನ್‌ನಲ್ಲಿ 16 ಗೋಲು ಗಳಿಸಿ ಚಿನ್ನದ ಬೂಟು ಪಡೆದರು. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಮುಂಬೈ ಸಿಟಿಯನ್ನು ಅದರದೇ ಅಂಗಳದಲ್ಲಿ 5–1ರಿಂದ ಸೋಲಿಸಿದ್ದನ್ನು ನೆನೆದರೆ ಎದುರಾಳಿಯಾದ ನನಗೂ ಈಗಲೂ ಸಂತೋಷವಾಗುತ್ತದೆ. ಆಟ ಅಷ್ಟು ಚೆಂದವಿತ್ತು.

ಆದರೆ ಆ ಚೆಂದದ ತಂಡಕ್ಕೆ ಬೆಂಗಳೂರನ್ನು ಎದುರಿಸುವ ಬಗೆ ಮಾತ್ರ ತಿಳಿಯಲಿಲ್ಲ. ಲೀಗ್ ಹಂತದಲ್ಲಿ ಫತೋರ್ಡಾದಲ್ಲಿ 2–1, ಕಂಠೀರವದಲ್ಲಿ 3–0, ಎರಡೂ ಕಡೆ ಗೆದ್ದವರು ನಾವು. ಎರಡೂ ತಂಡಗಳು ತಲಾ 34 ಅಂಕ ಗಳಿಸಿದ್ದರೂ ಅಂಕಪಟ್ಟಿಯ ಮೊದಲ ಸ್ಥಾನ ನಮಗೆ ದಕ್ಕಿದ್ದು ಈ ಎರಡು ಗೆಲುವುಗಳ ಬಲದಿಂದಲೇ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯ ನಡುವೆ ಜಾಹು ಕೆಂಪು ಕಾರ್ಡ್ ಕಂಡು ಹೊರನಡೆದರು. ಹತ್ತು ಮಂದಿಯ ಗೋವಾ ಪೆನಾಲ್ಟಿ ಶೂಟೌಟ್‌ವರೆಗೆ ಹೇಗಾದರೂ ತಳ್ಳಿಕೊಂಡು ಹೋಗಲು ನೋಡುತ್ತಿದ್ದಾಗ, 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಒದ್ದ ಕಾರ್ನರ್‌ಗೆ ನಮ್ಮ ರಾಹುಲ್ ಭೆಕೆ ತಲೆ ಕೊಟ್ಟು ಗೋಲು ಹೊಡೆದರು. ಆ ಸೀಸನ್‌ನಲ್ಲಿ ಲೀಗ್ ಮತ್ತು ಫೈನಲ್ ಸೇರಿ ಗೋವಾ ನಮ್ಮೆದುರು ಆಡಿದ ಮೂರೂ ಪಂದ್ಯಗಳನ್ನು ಸೋತಿತ್ತು. ಅಂದರೆ ಅಂದಿನ ಸೋಲು ಕೊನೆಯ ಗಳಿಗೆಯ ಅದೃಷ್ಟದ್ದಾಗಿರಲಿಲ್ಲ. ವರ್ಷವಿಡೀ ಕಾಣುತ್ತಿದ್ದ ದೌರ್ಬಲ್ಯವೊಂದು ಫೈನಲ್‌ನಲ್ಲಿಯೂ ಕಂಡಿತು, ಅಷ್ಟೆ.

ಈ ವರ್ಷದ ಚಿತ್ರ ಹಾಗಿಲ್ಲ. 2024ರ ನವೆಂಬರ್ 2ರಂದು ಫತೋರ್ಡಾದಲ್ಲಿ, ಅದುವರೆಗೆ ಸೋಲನ್ನೇ ಕಾಣದಿದ್ದ ನಮ್ಮ ತಂಡವನ್ನು ಗೋವಾ 3–0ರಿಂದ ಸೋಲಿಸಿತು. ಡಿಸೆಂಬರ್ 14ರಂದು ಕಂಠೀರವದಲ್ಲಿ ಮೊದಲು ಎರಡು ಗೋಲು ಹೊಡೆದದ್ದೂ ಅವರೇ. ರಯಾನ್ ವಿಲಿಯಮ್ಸ್ ಮತ್ತು ಹೋರ್ಹೆ ಪೆರೆರಾ ಡಿಯಾಜ್ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಒಂದೊಂದು ಗೋಲು ತರದಿದ್ದರೆ ನಾವು ಅಂದೂ ಬರಿಗೈಯಲ್ಲಿರುತ್ತಿದ್ದೆವು. ಲೀಗ್ ಹಂತ ಮುಗಿದಾಗ 24 ಪಂದ್ಯಗಳಿಂದ ಗೋವಾ 48 ಅಂಕ ಗಳಿಸಿ, 56 ಅಂಕಗಳ ಮೋಹನ್ ಬಾಗನ್‌ನ ಹಿಂದೆ ಎರಡನೇ ಸ್ಥಾನದಲ್ಲಿತ್ತು. ಮೂರನೇ ಸ್ಥಾನದ ನಮ್ಮ ಅಂಕ 38. ಆರು ವರ್ಷದ ಹಿಂದೆ ಸಮಬಲವಾಗಿದ್ದ ಎರಡು ತಂಡಗಳ ನಡುವೆ ಈಗ ಹತ್ತು ಅಂಕಗಳ ಅಂತರವಿದೆ ಎಂಬುದನ್ನು, ಅದೇ ಕಥೆ ಎನ್ನುವವರು ಏಕೆ ಎಣಿಸುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಪಂದ್ಯಗಳ ಸಂಖ್ಯೆ ಬೇರೆಯಿರುವುದರಿಂದ ಸರಾಸರಿಯನ್ನೇ ನೋಡೋಣ. ಅಂದು ಪಂದ್ಯವೊಂದಕ್ಕೆ ಸರಿಯಾಗಿ ಎರಡು ಗೋಲು ಹೊಡೆಯುತ್ತಿದ್ದ ಗೋವಾ, ಈ ಬಾರಿ 24 ಪಂದ್ಯಗಳಲ್ಲಿ 43 ಗೋಲು ಹೊಡೆದಿದೆ, ಅಂದರೆ ಎರಡಕ್ಕಿಂತ ತುಸು ಕಡಿಮೆ. ಬಿಟ್ಟುಕೊಟ್ಟ ಗೋಲುಗಳು ಅಂದು 20, ಇಂದು 27. ಪಂದ್ಯಕ್ಕೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ. ಗೋಲು ಕಡಿಮೆಯಾದರೂ ಪಂದ್ಯಕ್ಕೆ ಸಿಕ್ಕ ಅಂಕ ಮಾತ್ರ 1.89ರಿಂದ 2ಕ್ಕೆ ಏರಿದೆ. ಇದಕ್ಕೆ ನಾನು ಕೊಡುವ ಅರ್ಥ ಹೀಗಿದೆ: ಅಂದಿನ ತಂಡ ಗೆದ್ದ ದಿನ ಧಾರಾಳವಾಗಿ ಗೆದ್ದು, ದಾರಿ ಕಟ್ಟಿದ ದಿನ ಕೈಚೆಲ್ಲುತ್ತಿತ್ತು, ಇಂದಿನ ತಂಡ ಸಣ್ಣ ಅಂತರದಲ್ಲಿಯೂ ಪಂದ್ಯವನ್ನು ಕೈಯಲ್ಲಿ ಉಳಿಸಿಕೊಳ್ಳುವುದನ್ನು ಕಲಿತಿದೆ. ಗೋವಾದ ತರಬೇತುದಾರ ಮನೋಲೊ ಮಾರ್ಕೆಜ್ ಈ ಸೀಸನ್‌ನುದ್ದಕ್ಕೂ ಭಾರತ ತಂಡದ ತರಬೇತಿಯ ಹೊಣೆಯನ್ನೂ ಹೊತ್ತುಕೊಂಡು ಇದನ್ನು ಸಾಧಿಸಿದ್ದಾರೆ ಎಂಬುದನ್ನೂ ಗಮನಿಸಬೇಕು.

ಇನ್ನೊಂದು ಬದಲಾವಣೆಯ ಬಗ್ಗೆ ಇಲ್ಲಿ ಯಾರೂ ಮಾತನಾಡುತ್ತಿಲ್ಲ. 2018–19ರಲ್ಲಿ ಒಂದು ತಂಡ ಏಕಕಾಲಕ್ಕೆ ಐವರು ವಿದೇಶಿ ಆಟಗಾರರನ್ನು ಅಂಗಳಕ್ಕಿಳಿಸಬಹುದಿತ್ತು; 2021–22ರಿಂದ ಆ ಮಿತಿ ನಾಲ್ಕಕ್ಕೆ ಇಳಿಯಿತು. ಲೊಬೆರಾ ಅವರ ಆಟದ ಬೆನ್ನೆಲುಬು ವಿದೇಶಿಯರೇ ಆಗಿದ್ದರು. ಮಂದಾರ ರಾವ್ ದೇಸಾಯಿ, ಬ್ರ್ಯಾಂಡನ್ ಫರ್ನಾಂಡಿಸ್ ಅವರಂಥ ಗೋವಾದ ಮಕ್ಕಳು ಚೆನ್ನಾಗಿಯೇ ಆಡುತ್ತಿದ್ದರೂ, ಕೊರೊಮಿನಾಸ್ ಇಲ್ಲದ ದಿನ ತಂಡದ ಹಲ್ಲು ಮೊಂಡಾಗುತ್ತಿತ್ತು. ಈ ಬಾರಿ ಅರ್ಮಾಂಡೊ ಸಾದಿಕು, ಬೋರ್ಹಾ ಹೆರೆರಾ, ಇಕರ್ ಗ್ವಾರೋಚೆನಾ, ದೇಯಾನ್ ದ್ರಾಜಿಚ್ ಎಲ್ಲರೂ ಗೋಲು ತಂದಿದ್ದಾರೆ. ಅವರ ಜೊತೆಗೆ ಬ್ರೈಸನ್ ಫರ್ನಾಂಡಿಸ್ ಎಂಬ ಗೋವಾದ ಹುಡುಗ ಲೀಗ್‌ನಲ್ಲಿ 7 ಗೋಲು ಹೊಡೆದು ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದಿದ್ದಾನೆ. 2019ರ ಫೈನಲ್‌ನಲ್ಲಿ ನಮ್ಮ ಬಲಬದಿಯಲ್ಲಿ ಓಡುತ್ತಿದ್ದ ಉದಾಂತ ಸಿಂಗ್ ಈ ಬಾರಿ ಅದೇ ಗೋವಾದ ಆಟಗಾರ. ಒಬ್ಬನನ್ನು ಕಟ್ಟಿಹಾಕಿದರೆ ಗೋವಾವನ್ನು ಕಟ್ಟಿಹಾಕಿದಂತೆ ಎಂಬ ಕಾಲ ಕಳೆದುಹೋಯಿತು.

ಹಾಗಾದರೆ ಗೋವಾ ಈ ಬಾರಿ ನಮ್ಮೆದುರು ಲೀಗ್‌ನ ಸೆಮಿಫೈನಲ್‌ನಲ್ಲಿ ಸೋತದ್ದೇಕೆ ಎಂದು ಕೇಳಬಹುದು. ಏಪ್ರಿಲ್ 2ರಂದು ಕಂಠೀರವದಲ್ಲಿ ನಡೆದ ಮೊದಲ ಪಂದ್ಯವನ್ನು ನಾವು 2–0ರಿಂದ ಗೆದ್ದೆವು. ಆ ಎರಡರಲ್ಲಿ ಒಂದು ಗೋವಾದ ಸಂದೇಶ್ ಝಿಂಗನ್ ತಮ್ಮದೇ ಬಲೆಗೆ ಹೊಡೆದುಕೊಂಡ ಉಡುಗೊರೆ ಗೋಲು, ಇನ್ನೊಂದು ಎಡ್ಗರ್ ಮೆಂಡೆಜ್ ಅವರದು. ನಾಲ್ಕು ದಿನಗಳ ನಂತರ, ರಾಮನವಮಿಯ ರಾತ್ರಿ, ಫತೋರ್ಡಾದಲ್ಲಿ ಗೋವಾ ಆ ಸಾಲವನ್ನು ತೀರಿಸಿಯೇಬಿಟ್ಟಿತ್ತು. 49ನೇ ನಿಮಿಷದಲ್ಲಿ ಹೆರೆರಾ, 88ನೇ ನಿಮಿಷದಲ್ಲಿ ಸಾದಿಕು, ಎರಡೂ ಪಂದ್ಯ ಸೇರಿದ ಒಟ್ಟು ಲೆಕ್ಕ 2–2. ಎಲ್ಲರೂ ಹೆಚ್ಚುವರಿ ಅವಧಿಗೆ ಸಿದ್ಧವಾಗುತ್ತಿದ್ದಾಗ ನಾಮ್‌ಗ್ಯಾಲ್ ಭುಟಿಯಾ ಬಲಗಡೆಯಿಂದ ಹಾಕಿದ ಕ್ರಾಸ್‌ಗೆ ಸುನಿಲ್ ಚೆಟ್ರಿ ಮುನ್ನುಗ್ಗಿ ತಲೆ ತಾಗಿಸಿದರು, ಚೆಂಡು ಬಲೆ ಸೇರಿತು. ನಲವತ್ತು ವರ್ಷದ ಆಟಗಾರನೊಬ್ಬ 92ನೇ ನಿಮಿಷದಲ್ಲಿ ಅಂಥ ಓಟ ಓಡಿದ್ದನ್ನು ಕಂಡು ನಮ್ಮ ಮನೆಯಲ್ಲಿ ಕುಣಿದಾಡಿದ್ದು ನಿಜ. ಆದರೆ ಅದು ಚೆಟ್ರಿಯ ಅಸಾಮಾನ್ಯತೆ. ಅದನ್ನು ಇಡೀ ತಂಡದ ಮೇಲುಗೈ ಎಂದು ಬರೆದುಕೊಳ್ಳಲಾಗದು. ಸೀಸನ್‌ನ ಆ ನಾಲ್ಕು ಮುಖಾಮುಖಿಗಳಲ್ಲಿ ಎರಡನ್ನು ಗೆದ್ದವರು ಗೋವಾದವರು, ನಮಗೆ ಸಿಕ್ಕಿದ್ದು ಒಂದೇ ಗೆಲುವು, ಇನ್ನೊಂದು ಸಮ.

ಗೋವಾದ ಮೇಲೆ ನಿಜವಾಗಿಯೂ ಹೊರಿಸಬಹುದಾದ ದೋಷ ಒಂದಿದೆ. ಅದು 2019ಕ್ಕಿಂತಲೂ ಹಳೆಯದು. 2015ರ ಲೀಗ್ ಫೈನಲ್‌ನಲ್ಲಿ ಇದೇ ಫತೋರ್ಡಾದಲ್ಲಿ 87ನೇ ನಿಮಿಷಕ್ಕೆ 2–1ರಿಂದ ಮುಂದಿದ್ದ ತಂಡ ಚೆನ್ನೈಯಿನ್ ಎದುರು 3–2ರಿಂದ ಸೋತಿತು. 2024ರ ಏಪ್ರಿಲ್‌ನಲ್ಲಿ ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ 90ನೇ ನಿಮಿಷದವರೆಗೆ 2–0 ಇದ್ದದ್ದು, ಶಿಳ್ಳೆ ಊದುವಷ್ಟರಲ್ಲಿ 2–3 ಆಯಿತು. ಕೊನೆಯ ಐದು ನಿಮಿಷಗಳಲ್ಲಿ ಈ ತಂಡದ ಬುದ್ಧಿ ಕದಡುತ್ತದೆ ಎಂದು ಯಾರಾದರೂ ಟೀಕಿಸಿದರೆ ನಾನು ತಲೆಬಾಗುತ್ತೇನೆ. ಲೊಬೆರಾ ಕಾಲದಲ್ಲಿಯೂ ಮಾರ್ಕೆಜ್ ಕಾಲದಲ್ಲಿಯೂ ಇದ್ದೇ ಇರುವ ಕೊರತೆಯದು. ಅದನ್ನು ಹಿಡಿದುಕೊಂಡು ಎರಡು ತಂಡಗಳನ್ನು ಒಂದೇ ಎನ್ನುವುದು ಮಾತ್ರ ಸರಿಯಲ್ಲ.

ಸೂಪರ್ ಕಪ್ಪನ್ನು ಸಮಾಧಾನಕರ ಬಹುಮಾನ ಎಂದು ಕರೆಯುವವರೂ ಸ್ವಲ್ಪ ತಡೆಯಬೇಕು. ಈ ಬಾರಿ ಗೋವಾ ಆ ಕಪ್‌ನ ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಮೋಹನ್ ಬಾಗನ್ ತಂಡವನ್ನು, ಅದೂ 3–1ರಿಂದ. ನಮ್ಮವರು ಅದೇ ಟೂರ್ನಿಯ ಮೊದಲ ಪಂದ್ಯದಲ್ಲಿಯೇ ಇಂಟರ್ ಕಾಶಿ ಎದುರು ಪೆನಾಲ್ಟಿಯಲ್ಲಿ ಸೋತು ಮನೆಗೆ ಬಂದರು. ಕಪ್ ಗೆದ್ದವರಿಗೆ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಎಂಬ ಏಷ್ಯಾ ಮಟ್ಟದ ಕ್ಲಬ್ ಟೂರ್ನಿಯ ಅರ್ಹತಾ ಪಂದ್ಯದ ಅವಕಾಶವಿತ್ತು.

ಹೋಲಿಕೆ ಮಾಡಲೇಬೇಕೆಂದರೆ, 2019ರ ಸೂಪರ್ ಕಪ್ ಆದಮೇಲೆ ಏನಾಯಿತು ಎಂಬುದನ್ನೂ ಹೋಲಿಸಬೇಕು. ಮರುವರ್ಷವೇ ಗೋವಾ 18 ಪಂದ್ಯಗಳಲ್ಲಿ 46 ಗೋಲು ಹೊಡೆದು, 39 ಅಂಕಗಳೊಂದಿಗೆ ಲೀಗ್ ಹಂತದ ಅಗ್ರಸ್ಥಾನಕ್ಕೆ ಕೊಡುವ ಶೀಲ್ಡ್ ಗೆದ್ದು, ಏಷ್ಯಾದ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಏರಿದ ಭಾರತದ ಮೊದಲ ಕ್ಲಬ್ ಆಯಿತು. ಆದರೆ ಆ ಲೀಗ್ ಮುಗಿಯುವ ಮೊದಲೇ ಲೊಬೆರಾ ಅವರನ್ನು ಕಳುಹಿಸಲಾಯಿತು. ಅವರು ಮುಂಬೈ ಸಿಟಿ ಸೇರಿದಾಗ ಜಾಹು, ಬೂಮೂ, ಮುರ್ತಾದಾ ಫಾಲ್ ಕೂಡ ಅಲ್ಲಿಗೇ ಹೋದರು, 2020–21ರಲ್ಲಿ ಮುಂಬೈ ಶೀಲ್ಡ್ ಮತ್ತು ಟ್ರೋಫಿ ಎರಡನ್ನೂ ಗೆದ್ದಿತು. ಕಟ್ಟಲು ಮೂರು ವರ್ಷ ಹಿಡಿದದ್ದು ಒಂದೇ ಬೇಸಿಗೆಯಲ್ಲಿ ಚದುರಿತು. ಈ ಸಲ ಗೋವಾದ ಆಡಳಿತ ಬ್ರೈಸನ್‌ನಂಥ ಹುಡುಗರನ್ನೂ ಈ ವಿದೇಶಿ ನಾಲ್ವರನ್ನೂ ಉಳಿಸಿಕೊಂಡರೆ, ಮುಂದಿನ ಸೀಸನ್‌ನಲ್ಲಿ ನಮ್ಮ ತಂಡಕ್ಕೆ ಚೆಟ್ರಿಯ ತಲೆಯೊಂದೇ ಸಾಲದು; ಬೆಂಗಳೂರಿನ ಆಡಳಿತ ಈಗಿನಿಂದಲೇ ನಡುವಿನ ಆಟಗಾರರನ್ನೂ ಒಬ್ಬ ಹೊಸ ಮುಂಚೂಣಿ ಆಟಗಾರನನ್ನೂ ಹುಡುಕಲಾರಂಭಿಸಬೇಕು.

– ಬೆಂಗಳೂರು ಎಫ್‌ಸಿ ಅಭಿಮಾನಿಯಾದ ಓರ್ವ ಓದುಗ, ಸದಾಶಿವಗಡ, ಕಾರವಾರ