ಹಗ್ಗದ ಕೆಳಗೆ ನಡೆಯುವ ಹುಡುಗ

ವೈಟ್‌ವಾಟರ್, ವಿಸ್ಕಾನ್ಸಿನ್
11 ಮೇ 2025

ತೀರ್ಥರೂಪರಾದ ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಚಳಿ ಹೋಗಿದೆ, ಸ್ವೆಟರ್ ಒಳಗಿಟ್ಟಿದ್ದೇನೆ. ಅಮ್ಮ ಕಳಿಸಿದ ಹುರಿಗಡಲೆ ಚಟ್ನಿಪುಡಿ ಮುಗಿಯುತ್ತಾ ಬಂದಿದೆ. ಅದರಲ್ಲಿ ಅರ್ಧ, ಇಲ್ಲಿನ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಪಕ್ಕದ ಮನೆಯ ಹುಡುಗನ ಹೊಟ್ಟೆ ಸೇರಿತು. ಈ ಪತ್ರವೂ ಅವನ ವಿಷಯಕ್ಕೇ.

ಅಪ್ಪ, ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ: "ಆ ಹುಡುಗ ಅಷ್ಟು ದುಡಿಯುತ್ತಾನೆ ಅನ್ನುತ್ತೀಯಲ್ಲ, ದೊಡ್ಡ ತಂಡದವರು ಅವನನ್ನು ತೆಗೆದುಕೊಳ್ಳುತ್ತಾರೆಯೇ?" ನಾನು ಹೌದು ಎಂದುಬಿಟ್ಟೆ. ಅದು ಪ್ರೀತಿಯಿಂದ ಹೇಳಿದ ಮಾತು. ಮೂವತ್ತು ವರ್ಷ ಶಾಲೆಯ ಕಬಡ್ಡಿ ತಂಡಕ್ಕೆ ಮಕ್ಕಳನ್ನು ಆರಿಸಿದ ನಿಮಗೆ ಹಾಗೆ ಸುಲಭವಾಗಿ ಉತ್ತರಿಸಬಾರದಿತ್ತು.

ಇಲ್ಲಿನ ಫುಟ್‌ಬಾಲಿನಲ್ಲಿ ಅವನದು ಗಾರ್ಡ್ ಜಾಗ. ಸಾಲಾಗಿ ಐದು ಜನ ನಿಲ್ಲುತ್ತಾರೆ: ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಎದುರಾಳಿ ಬೀಳದಂತೆ ತಡೆಯುವುದು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸುವುದು ಇವರ ಕೆಲಸ. ಚೆಂಡು ಎಸೆದವನಿಗೆ ಲೆಕ್ಕವಿದೆ, ಹಿಡಿದವನಿಗೆ ಲೆಕ್ಕವಿದೆ. ಈ ಐವರ ಹೆಸರು ಮೈಕಿನಲ್ಲಿ ಕೇಳಿಸುವುದು ಹೆಚ್ಚಾಗಿ ತಪ್ಪು ಮಾಡಿದಾಗ. ನಮ್ಮ ಕಬಡ್ಡಿಯಲ್ಲಿ ರೈಡರ್ ಹೆಸರು ಊರಿಗೆಲ್ಲ ಗೊತ್ತಿರುತ್ತಿತ್ತು, ಕಾರ್ನರ್ ಹುಡುಗನ ಕಾಲನ್ನು ನೋಡುತ್ತಿದ್ದವರು ನೀವೊಬ್ಬರೇ. ಹಾಗೆಯೇ ಇದು.

ಏಪ್ರಿಲ್ ಕೊನೆಯಲ್ಲಿ ಗ್ರೀನ್ ಬೇ ಊರಿನಲ್ಲಿ ಡ್ರಾಫ್ಟ್ ನಡೆಯಿತು. ಕಾಲೇಜಿನಲ್ಲಿ ಆಡಿದ ಹುಡುಗರನ್ನು ಇಲ್ಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ 32 ತಂಡಗಳು ಏಳು ಸುತ್ತುಗಳಲ್ಲಿ ಒಬ್ಬೊಬ್ಬರಾಗಿ ಆರಿಸುವ ಮೂರು ದಿನದ ಜಾತ್ರೆ ಅದು. ಇಬ್ಬರೂ ಕಾರಿನಲ್ಲಿ ಹೋಗಿದ್ದೆವು. ಮುಂದಿನ ವರ್ಷ ಅವನ ಸರದಿ. ಮೊದಲ ರಾತ್ರಿ ನಾಲ್ಕನೆಯವನಾಗಿ ಆಯ್ಕೆಯಾದ ವಿಲ್ ಕ್ಯಾಂಬೆಲ್ ಇವನಂತೆಯೇ ಸಾಲಿನಲ್ಲಿ ನಿಲ್ಲುವ ಆಟಗಾರ. ಅದಕ್ಕೆ ಮೊದಲು ಎರಡು ತಿಂಗಳು ಅವನ ತೋಳಿನ ಉದ್ದದ್ದೇ ಚರ್ಚೆ. ಟ್ಯಾಕಲ್‌ಗೆ 33 ಅಂಗುಲ ಬೇಕು ಎನ್ನುವ ವಾಡಿಕೆ ಇದೆ, ಅವನದು ಒಂದು ಅಳತೆಯಲ್ಲಿ ಅದಕ್ಕಿಂತ ಕೂದಲೆಳೆ ಕಡಿಮೆ ಬಂದಿತ್ತು. ಎದುರಾಳಿಯ ಕೈ ಮೊದಲು ಎದೆಗೆ ಬಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ, ಅದಕ್ಕೇ ಈ ಅಳತೆ. ಆದರೂ ಅವನನ್ನು ಆರಿಸಿದರು. ಅವನ ಪಾದಗಳನ್ನು ನೋಡಿ ಆರಿಸಿದರು ಎಂದು ನಾನು ನಂಬಿದ್ದೇನೆ.

ನಮ್ಮ ಹುಡುಗ ಬೆಳಗ್ಗೆ ಐದಕ್ಕೆ ಏಳುತ್ತಾನೆ. ಸಂಜೆ ಅಂಗಡಿಯೊಂದರಲ್ಲಿ ಲಾರಿಯಿಂದ ಸಾಮಾನು ಇಳಿಸುತ್ತಾನೆ, ಏಕೆಂದರೆ ಆಟದ ವಿಂಗಡಣೆಯಲ್ಲಿ ಮೂರನೇ ವಿಭಾಗಕ್ಕೆ ಸೇರಿದ ಇವನದರಂಥ ಕಾಲೇಜುಗಳಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಮಲಗಿ 102 ಕಿಲೋ ತೂಕವನ್ನು 29 ಸಲ ಎತ್ತುತ್ತಾನೆ. ಇಷ್ಟನ್ನೂ ನಿಮಗೆ ಹೆಮ್ಮೆಯಿಂದ ವರದಿ ಮಾಡಿದ್ದೆ. ಆದರೆ ಅವನ ಪಂದ್ಯಗಳ ವಿಡಿಯೋ ಕೂತು ನೋಡಿದಾಗ ನನ್ನ ಮನಸ್ಸು ಭಾರವಾಯಿತು. ಮೊದಲ ಎರಡು ಹೆಜ್ಜೆ ಚೆನ್ನಾಗಿರುತ್ತದೆ. ಮೂರನೆಯದಕ್ಕೆ ಮೊಣಕಾಲು ನೆಟ್ಟಗಾಗಿ ಸೊಂಟ ಬಾಗುತ್ತದೆ. ಎದುರಿನವನು ಅವನ ಕೈಯನ್ನು ಕೆಳಕ್ಕೆ ತಳ್ಳಿ ಪಕ್ಕದಿಂದ ದಾಟುತ್ತಾನೆ. ಎದುರಾಳಿಗಳು ಸಣ್ಣ ಕಾಲೇಜಿನವರಾದ್ದರಿಂದ ಬರೀ ತೋಳಿನ ಬಲದಿಂದ ಅವನು ಸರಿಪಡಿಸಿಕೊಳ್ಳುತ್ತಾನೆ. ಮೇಲಿನ ಮಟ್ಟದಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ.

ಅವನಿಗೆ ಈಗಾಗಲೇ ಬರುವುದರಲ್ಲೇ ಅವನು ದುಡಿಯುತ್ತಿದ್ದಾನೆ, ಅಪ್ಪ. ಆರಿಸಲು ಬರುವವರು ಬೆವರನ್ನು ತೂಗುವುದಿಲ್ಲ. ಹೋದ ವರ್ಷ ಬಾರದಿದ್ದದ್ದು ಈ ವರ್ಷ ಬಂದಿದೆಯೇ ಎಂದು ನೋಡುತ್ತಾರೆ.

ಇದಕ್ಕೆ ಸಾಕ್ಷಿ ಇದೇ ಕಾಲೇಜಿನಲ್ಲಿದೆ. ಕ್ವಿನ್ ಮೈನರ್ಜ್ ಇಲ್ಲೇ ಆಡಿದವನು, ಅವನೂ ಗಾರ್ಡ್. 2020ರಲ್ಲಿ ಕೋವಿಡ್‌ನಿಂದ ಕಾಲೇಜಿನ ಆಟವೇ ನಿಂತಿತು, ಅಂತಿಮ ವರ್ಷ ಕೈತಪ್ಪಿತು. ಅವನು ಕೆನಡಾದ ಕಾಡಿನಲ್ಲಿ ಕುಟುಂಬಕ್ಕೆ ಸೇರಿದ ಮೀನುಗಾರಿಕೆಯ ಬಿಡಾರಕ್ಕೆ ಹೋಗಿ, ಗ್ಯಾಸ್ ಸಿಲಿಂಡರ್ ಎತ್ತಿ, ಮರಗಳಿಗೆ ಹೆಗಲು ಕೊಟ್ಟು ತಳ್ಳಿ ಮೈ ಹದಮಾಡಿಕೊಂಡ. ಜನ ಹೇಳುವುದು ಈ ಮರದ ಕಥೆಯನ್ನೇ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು: ಗಾರ್ಡ್ ಆಗಿದ್ದವನು ಸೆಂಟರ್ ಜಾಗದ ಕೆಲಸವನ್ನೂ, ಕಾಲಿನ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವುದನ್ನೂ, ಕಲಿತ. 2021ರ ಜನವರಿಯಲ್ಲಿ ಅಲಬಾಮಾದ ಮೊಬೈಲ್ ಎಂಬ ಊರಿನಲ್ಲಿ ನಡೆದ, ಡ್ರಾಫ್ಟ್‌ಗೆ ಮುನ್ನ ತಂಡಗಳವರು ಹುಡುಗರನ್ನು ನೋಡಲು ಬರುವ ಸೀನಿಯರ್ ಬೌಲ್ ಶಿಬಿರದಲ್ಲಿ, ದೊಡ್ಡ ವಿಶ್ವವಿದ್ಯಾಲಯಗಳ ಹುಡುಗರ ಎದುರು, ಆ ಹೊಸ ಜಾಗದಲ್ಲೂ ನಿಂತು ತೋರಿಸಿದ. ಮೂರನೇ ಸುತ್ತಿನಲ್ಲಿ 98ನೆಯವನಾಗಿ ಡೆನ್ವರ್ ತಂಡ ಅವನನ್ನು ತೆಗೆದುಕೊಂಡಿತು. 2024ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರರ ಮೊದಲ ಪಟ್ಟಿಯಲ್ಲಿ ಅವನ ಹೆಸರಿತ್ತು.

ಗ್ರೀನ್ ಬೇಯಿಂದ ಹಿಂದಿರುಗುವಾಗ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ, "ಹಾಗಾದರೆ ಕಾಲಿಗೆ ಏನು ಮಾಡಲಿ?" ಎಂದ. ಕಬಡ್ಡಿ ಹುಡುಗರನ್ನು ಬಗ್ಗಿಸಿ ನಡೆಸಲು ನೀವು ಕಟ್ಟುತ್ತಿದ್ದ ಹಗ್ಗ ನನಗೆ ನೆನಪಾಯಿತು.

ಮರುದಿನ ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಕಂಬಗಳ ನಡುವೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದೆವು. ಅವನು ಅದರ ಕೆಳಗೆ ಮೊಣಕಾಲು ಮಡಿಸಿ, ಎದೆ ಎತ್ತಿ, ಹಿಂದಕ್ಕೆ ಓರೆಯಾಗಿ ಸರಿಯಬೇಕು. ಪಾದಗಳು ಒಂದಕ್ಕೊಂದು ತಾಗಕೂಡದು. ಶೂ ಡಾಂಬರಿಗೆ ಉಜ್ಜುವ ಸದ್ದು ಸರಿಸಮ ಅಂತರದಲ್ಲಿ ಬಂದರೆ ಹೆಜ್ಜೆ ಸರಿಯಿದೆ ಎಂದು ಈಗ ಕಣ್ಣು ಮುಚ್ಚಿಯೂ ಹೇಳಬಲ್ಲೆ. ತಲೆ ಹಗ್ಗಕ್ಕೆ ತಾಗಿದಾಗೆಲ್ಲ ನಾನು ಸೀಮೆಸುಣ್ಣದಲ್ಲಿ ಗೀಟು ಹಾಕುತ್ತೇನೆ. ಮೊದಲ ದಿನ 20 ಸಲ ಸರಿದಾಗ 13 ಗೀಟು, ನಿನ್ನೆ 6. ಆರನೆಯ ಗೀಟನ್ನು ಅವನೇ ಬಾಗಿ ಬಹಳ ಹೊತ್ತು ನೋಡಿದ.

ಈಗ ನಿಮ್ಮ ಪ್ರಶ್ನೆಗೆ ಉತ್ತರ: ಇವತ್ತಿನ ಸ್ಥಿತಿಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಶರತ್ಕಾಲದ ಪಂದ್ಯಗಳಲ್ಲಿ ಆ ಮೂರನೇ ಹೆಜ್ಜೆ ಬದಲಾಗಿದ್ದರೆ ಕೊನೆಯ ಸುತ್ತುಗಳಲ್ಲಿ ಯಾರಾದರೂ ಕರೆಯಬಹುದು, ಇಲ್ಲವೇ ಡ್ರಾಫ್ಟ್ ಮುಗಿದ ಮೇಲೆ ಪರೀಕ್ಷೆಗೆ ಕರೆಸಬಹುದು. ಆಗಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ.

ಒಂದು ವಿಷಯ ತಪ್ಪದೆ ಬರೆಯಿರಿ. ಹಗ್ಗವನ್ನು ನೀವು ಎದೆಮಟ್ಟಕ್ಕೆ ಕಟ್ಟುತ್ತಿದ್ದಿರೋ ಭುಜದ ಮಟ್ಟಕ್ಕೋ? ವಾರ ಕಳೆದಂತೆ ಇಳಿಸುತ್ತಿದ್ದಿರಾ? ಇವನು ಆರಡಿ ಮೂರು ಅಂಗುಲ ಎತ್ತರ. ಈಗ ಎದೆಮಟ್ಟಕ್ಕೆ ಕಟ್ಟಿದ್ದೇನೆ.

ಅಮ್ಮನಿಗೆ ಚಟ್ನಿಪುಡಿ ಇಬ್ಬರ ಲೆಕ್ಕದಲ್ಲಿ ಕಳಿಸಲು ಹೇಳಿ.

ಇಂತಿ ನಿಮ್ಮ ಮಗ