ಬಳಸುವವರು ಕಡಿಮೆ ಅಂದ್ರೆ ವೈರಸ್ ಬರಲ್ವಾ?

ಸಂಪಾದಕರೇ,

ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗೆ, ವಿಂಡೋಸ್ ಬದಲು ಬಳಸುವ ಲಿನಕ್ಸ್‌ಗೆ ವೈರಸ್ ಕಾಟ ಯಾಕೆ ಕಡಿಮೆ ಅಂತ ಯಾರನ್ನೇ ಕೇಳಿ, ಒಂದೇ ಉತ್ತರ. "ಬಳಸೋರೇ ಕಡಿಮೆ, ಅದಕ್ಕೆ ಯಾರು ಕೂತು ವೈರಸ್ ಬರೀತಾರೆ?" ಕೇಳಿದಾಗ ಸರಿ ಅನ್ನಿಸುತ್ತದೆ. ನಾನೂ ಬಹಳ ದಿನ ಇದನ್ನೇ ನಂಬಿದ್ದೆ. ಆದರೆ ಹಳೆಯ ಪ್ರಕರಣಗಳನ್ನು ತೆಗೆದು ನೋಡಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ.

2004ರ ಮಾರ್ಚ್‌ನಲ್ಲಿ ವಿಟಿ ಅನ್ನುವ ವರ್ಮ್ (ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನಾಗಿಯೇ ಹರಡುವ ವೈರಸ್) ಬಂತು. ಅದು ನುಗ್ಗಿದ್ದು ಒಂದು ಕಂಪನಿಯ ಫೈರ್‌ವಾಲ್, ಅಂದರೆ ಹೊರಗಿನಿಂದ ನುಗ್ಗುವುದನ್ನು ತಡೆಯುವ ಸಾಫ್ಟ್‌ವೇರ್‌ನಲ್ಲಿದ್ದ ಲೋಪದಿಂದ. ಅದಕ್ಕೆ ಸಿಕ್ಕಿದ್ದು ಇಡೀ ಜಗತ್ತಿನಲ್ಲಿ ಸುಮಾರು 12 ಸಾವಿರ ಕಂಪ್ಯೂಟರ್ ಮಾತ್ರ. ಅವು ವಿಂಡೋಸ್ ಕಂಪ್ಯೂಟರ್‌ಗಳೇ ನಿಜ, ಆದರೆ ಒಳಗೆ ಬರಲು ದಾರಿಯಾಗಿದ್ದು ಬೆರಳೆಣಿಕೆಯ ಜನ ಬಳಸುತ್ತಿದ್ದ ಆ ಫೈರ್‌ವಾಲ್. ಲೋಪದ ಸುದ್ದಿ ಹೊರಬಿದ್ದ ಮರುದಿನವೇ ವರ್ಮ್ ತಯಾರಾಗಿ ಬಂದು, ಮುಕ್ಕಾಲು ಗಂಟೆಯೊಳಗೆ ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿದು, ಅವುಗಳ ಡಿಸ್ಕ್‌ ಮೇಲೆ ಕಸ ಬರೆದು ಹಾಳು ಮಾಡಿತು. ಇಷ್ಟು ಸಣ್ಣ ಗುಂಪನ್ನೂ ಬಿಡಲಿಲ್ಲ ಅಲ್ವಾ?

ಇನ್ನು 2001ರ ಕೋಡ್ ರೆಡ್ ವರ್ಮ್. ಆಗ ಅರ್ಧಕ್ಕಿಂತ ಜಾಸ್ತಿ ವೆಬ್‌ಸೈಟ್‌ಗಳು ಅಪಾಚೆ ಅನ್ನುವ ಸರ್ವರ್ (ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್) ಮೇಲಿದ್ದವು. ಜನಪ್ರಿಯತೆಯೇ ಕಾರಣವಾಗಿದ್ದರೆ ಏಟು ಅಪಾಚೆಗೆ ಬೀಳಬೇಕಿತ್ತು. ಬಿದ್ದಿದ್ದು ಮೈಕ್ರೋಸಾಫ್ಟ್‌ನ ಸರ್ವರ್ ಆದ ಐಐಎಸ್‌ಗೆ, ಅದೂ 14 ಗಂಟೆಯಲ್ಲಿ ಸುಮಾರು 3.59 ಲಕ್ಷ ಕಂಪ್ಯೂಟರ್‌ಗಳಿಗೆ.

ಮ್ಯಾಕ್‌ನ ಕತೆಯೂ ಹೀಗೇ ಇದೆ. 1987-88ರಲ್ಲಿ, ಮ್ಯಾಕ್ ಬಳಸುವವರು ತೀರಾ ಕಡಿಮೆ ಇದ್ದಾಗಲೇ, ಎನ್‌ವಿಐಆರ್, ಸ್ಕೋರ್ಸ್ ಅನ್ನುವ ವೈರಸ್‌ಗಳು ಅದಕ್ಕೆ ಬಂದಿದ್ದವು. 2001ರಲ್ಲಿ ಯುನಿಕ್ಸ್ ಅನ್ನುವ ಹಳೆಯ ವ್ಯವಸ್ಥೆಯ ಬುನಾದಿಯ ಮೇಲೆ ಕಟ್ಟಿದ ಹೊಸ ಮ್ಯಾಕ್ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಬಂದ ಮೇಲೆ ಎಷ್ಟೋ ವರ್ಷ ವೈರಸ್ ಸದ್ದೇ ಇರಲಿಲ್ಲ. ಬಳಸುವವರು ಮೊದಲೂ ಕಡಿಮೆ, ಆಮೇಲೂ ಕಡಿಮೆ. ಬದಲಾಗಿದ್ದು ಒಳಗಿನ ಕಟ್ಟೋಣ. ಹೊಸದರಲ್ಲಿ ಒಂದು ಪ್ರೋಗ್ರಾಂ ಸಿಸ್ಟಂ ಫೈಲ್‌ಗಳಿಗೆ ಕೈ ಹಾಕಬೇಕಾದರೆ ಪಾಸ್‌ವರ್ಡ್ ಕೇಳಬೇಕಿತ್ತು. ಅದೇ ಹೊತ್ತಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಮನೆಯವರು ಮಾಡಿಕೊಂಡ ಮೊದಲ ಖಾತೆಯೇ ಅಡ್ಮಿನ್, ಅಂದರೆ ಎಲ್ಲ ಅಧಿಕಾರ ಇರುವ ಖಾತೆ ಆಗಿರುತ್ತಿತ್ತು, ಹಾಗಾಗಿ ಮೇಲ್‌ನಲ್ಲಿ ಬಂದ ಫೈಲನ್ನು ಒಮ್ಮೆ ಒತ್ತಿದರೆ ಅದಕ್ಕೆ ಇಡೀ ಕಂಪ್ಯೂಟರ್ ಕೊಟ್ಟಂತೆ.

2004ರಲ್ಲಿ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಅನ್ನುವ ದೊಡ್ಡ ಅಪ್‌ಡೇಟ್ ಬಂದು, ಫೈರ್‌ವಾಲ್ ತಾನಾಗಿಯೇ ಆನ್ ಇರುವಂತೆ ಮಾಡಿದರು. ಅದನ್ನು ಹಾಕಿಕೊಂಡ ಕಂಪ್ಯೂಟರ್‌ಗಳಿಗೆ ಬ್ಲಾಸ್ಟರ್ ಥರದ ವರ್ಮ್‌ಗಳು ನೇರ ನುಗ್ಗುವುದು ಕಷ್ಟವಾಯಿತು. ವಿಂಡೋಸ್ ಬಳಸುವವರೇನೂ ಕಡಿಮೆಯಾಗಲಿಲ್ಲ. ಬಾಗಿಲು ಮುಚ್ಚಿತು, ಅಷ್ಟೇ.

ಜನಪ್ರಿಯತೆಗೂ ವೈರಸ್‌ಗೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಳ್ಳರು ಜನ ಜಾಸ್ತಿ ಇರುವ ಕಡೆಯೇ ಮೊದಲು ಹುಡುಕುತ್ತಾರೆ. ಆದರೆ ಹುಡುಕಿ ಬರುವುದು ಬೇರೆ, ಒಳಗೆ ಬರುವುದು ಬೇರೆ. 2012ರಲ್ಲಿ ಫ್ಲಾಶ್‌ಬ್ಯಾಕ್ ಅನ್ನುವ ಕಳ್ಳ ಪ್ರೋಗ್ರಾಂ ಸುಮಾರು 6 ಲಕ್ಷ ಮ್ಯಾಕ್‌ಗಳನ್ನು ಹಿಡಿದಿದ್ದು ಜಾವಾ ಅನ್ನುವ ಸಾಫ್ಟ್‌ವೇರ್‌ನ ಲೋಪದಿಂದ. ಜಾವಾ ಮಾಡುವವರು ಫೆಬ್ರವರಿಯಲ್ಲೇ ಅದನ್ನು ಸರಿಪಡಿಸಿದ್ದರು, ಆ ಅಪ್‌ಡೇಟ್ ಮ್ಯಾಕ್‌ಗೆ ತಲುಪುವಾಗ ಏಪ್ರಿಲ್ ಆಗಿತ್ತು. 2016ರ ಮಿರಾಯ್ ವರ್ಮ್ ಹೊಕ್ಕಿದ್ದು ಲಿನಕ್ಸ್ ಮೇಲೆ ಓಡುವ ಕ್ಯಾಮೆರಾ, ರೂಟರ್‌ಗಳಿಗೆ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲವಾದ್ದರಿಂದ. ಲಿನಕ್ಸ್ ಅನ್ನುವ ಹೆಸರು ಅಲ್ಲಿ ಕಾಪಾಡಲಿಲ್ಲ.

ನನಗೆ ಬೇಜಾರಾಗುವುದು ಇಲ್ಲೇ. "ನಮ್ಮದು ಜಾಸ್ತಿ ಜನ ಬಳಸ್ತಾರೆ, ಅದಕ್ಕೆ ದಾಳಿ ಆಗುತ್ತೆ" ಅಂತ ಸಾಫ್ಟ್‌ವೇರ್ ಮಾಡುವವರು ಜಾರಿಕೊಳ್ಳುತ್ತಾರೆ. "ನಮ್ಮದು ಯಾರೂ ಬಳಸಲ್ಲ, ನಮಗೇನೂ ಆಗಲ್ಲ" ಅಂತ ಕೊಂಡವರು ಸುಮ್ನೆ ಕೂರುತ್ತಾರೆ. ನನ್ನ ಗೆಳೆಯರಲ್ಲೇ ಎಷ್ಟೋ ಜನ ಮ್ಯಾಕ್ ಅಪ್‌ಡೇಟನ್ನು ತಿಂಗಳುಗಟ್ಟಲೆ ಮುಂದೂಡುತ್ತಾರೆ, ಕೇಳಿದರೆ ಇದೇ ಮಾತು.

ಪತ್ರಿಕೆಯಲ್ಲಿ ಹೊಸ ಕಂಪ್ಯೂಟರ್, ಫೋನ್ ಬಗ್ಗೆ ಬರೆಯುವಾಗ ಪರದೆ, ಕ್ಯಾಮೆರಾ, ಬ್ಯಾಟರಿ ಎಲ್ಲ ವಿವರವಾಗಿ ಇರುತ್ತದೆ. ಅದರ ಜೊತೆಗೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ, ಲೋಪ ಗೊತ್ತಾದ ಮೇಲೆ ಎಷ್ಟು ದಿನಕ್ಕೆ ಸರಿಪಡಿಸುತ್ತಾರೆ ಅನ್ನುವುದನ್ನೂ ದಯವಿಟ್ಟು ಒಂದೆರಡು ಸಾಲು ಬರೆಯಿರಿ.

ಇಂತಿ,
ನಿಮ್ಮ ಓದುಗ