ಗೆಳೆಯನಿಗೊಂದು ಪತ್ರ: ನಾಲ್ಕು ಗಂಟೆಯ ಸೇವೆ, ಎಪ್ಪತ್ತು ವರ್ಷದ ವಚನ

ಪ್ರಿಯ ಖಜಾಂಚಿ ಸಾಹೇಬರೇ,

ನಮ್ಮ ಚರ್ಚುಗಳ ಯುವಜನರು ಒಟ್ಟಾಗಿ ಊರಿಗೆ ಮಾಡಲಿರುವ ಸೇವೆಯ ದಿನಕ್ಕೆ ನೀನು ಹಾಕಿದ ಪಟ್ಟಿ ತಲುಪಿತು. 6 ಸಭೆಗಳು (ಅಂದರೆ ಬೇರೆ ಬೇರೆ ಪಂಗಡದ ಚರ್ಚುಗಳು), 120 ಯುವಕ ಯುವತಿಯರು, ಒಂದು ಶನಿವಾರ, 4 ಗಂಟೆ, 12 ಅಡಿ ಉದ್ದದ ಬ್ಯಾನರ್. ಕೈಗವಸಿನ ಲೆಕ್ಕ ಮಾತ್ರ ಎಲ್ಲೂ ಇಲ್ಲ. ಬಿಷಪ್ಪರ ಬಕೆಟ್ಟಿನ ಪ್ರಸಂಗ ಆದಮೇಲೂ ನೀನು ಕಲಿತಿಲ್ಲ ಅಂದರೆ ಇನ್ನು ದೇವದೂತರೇ ಇಳಿದು ಬರಬೇಕು. ಇದನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ, ಬೇಜಾರಾಗಬೇಡ. ಗುಟ್ಟಾಗಿ ಬರೆದರೆ ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಉತ್ತರ ಕೊಡಲೇಬೇಕು. ಇಂಥದೇ ಪಟ್ಟಿ ಹಿಡಿದು ತಲೆ ಕೆರೆದುಕೊಳ್ಳುತ್ತಿರುವ ಬೇರೆಯವರಿಗೂ ಉಪಯೋಗವಾದರೆ ಆಗಲಿ.

ನಿನ್ನ ಯೋಜನೆಯಲ್ಲಿ ಜನ ಮೊದಲು ಬಂದಿದ್ದಾರೆ, ಕೆಲಸ ಆಮೇಲೆ. ಅದನ್ನು ತಿರುಗಿಸು. ಕನಿಷ್ಠ 10 ವಾರ ಮುಂಚೆಯೇ ಬೇರೆ ಬೇರೆ ಸಭೆಯ ಇಬ್ಬರು ಹೋಗಿ ಶಾಲೆ, ವೃದ್ಧಾಶ್ರಮ, ನಿರಾಶ್ರಿತರ ತಂಗುದಾಣ, ನಗರಾಡಳಿತದ ಸ್ವಚ್ಛತಾ ವಿಭಾಗ ಇವರನ್ನು ಕಂಡು ಮಾತಾಡಬೇಕು. "ನಾವೇನು ಮಾಡಿಕೊಡಲಿ?" ಎಂದು ಮಾತ್ರ ಕೇಳಬೇಡಿ. ಸೌಜನ್ಯಕ್ಕೆ "ಏನಾದರೂ ಸರಿ" ಅನ್ನುತ್ತಾರೆ, ನೀವು ನಿಮಗೆ ಇಷ್ಟವಾದದ್ದನ್ನೇ ಮಾಡಿ ಬರುತ್ತೀರಿ. "ಕೈ ಸಾಲದೆ ಮುಂದಕ್ಕೆ ಹಾಕುತ್ತ ಬಂದ ಮೂರು ಕೆಲಸ ಯಾವುವು?" ಎಂದು ಕೇಳಿ. ಆಗ ನಿಜ ಹೊರಬರುತ್ತದೆ: ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿರುವ ಮುರುಕು ಮೇಜುಗಳು, ವಿಂಗಡಿಸದ ಬಟ್ಟೆಯ ಗಂಟುಗಳು, ಕಟ್ಟಿಕೊಂಡ ಮಳೆನೀರಿನ ಕಾಲುವೆ. ಫೋಟೋದಲ್ಲಿ ಚೆಂದ ಕಾಣದ ಕೆಲಸಗಳೇ ಹೆಚ್ಚು. ಅವುಗಳಲ್ಲಿ ತರಬೇತಿ ಇಲ್ಲದವರು ಅರ್ಧ ದಿನದಲ್ಲಿ ಮುಗಿಸಬಲ್ಲದ್ದನ್ನು, ಯಾರ ಕೂಲಿಯನ್ನೂ ಕಿತ್ತುಕೊಳ್ಳದ್ದನ್ನು ಆರಿಸಿಕೋ. ಕೊನೆಯದನ್ನು ಜನ ಮರೆಯುತ್ತಾರೆ. ಸಂಬಳದ ಮಾಲಿ ಇರುವ ಕಡೆ ನೂರು ಜನ ನುಗ್ಗಿ ಕಳೆ ಕಿತ್ತರೆ ಆತನಿಗೆ ಅದು ಸೇವೆಯಾಗಿ ಕಾಣುವುದಿಲ್ಲ.

ಹುಮ್ಮಸ್ಸು ಕೆಡಿಸುತ್ತಿದ್ದೇನೆ ಅನ್ನಬೇಡ, ನನ್ನ ಕಡೆ ಒಬ್ಬ ಸಂತನೇ ಇದ್ದಾನೆ. 1617ರಲ್ಲಿ ಫ್ರಾನ್ಸಿನ ಶಾತಿಯೋನ್ ಎಂಬ ಊರಿನಲ್ಲಿ ವಿನ್ಸೆಂಟ್ ದಿ ಪಾಲ್ ಒಂದು ಬಡ ಕುಟುಂಬದವರು ಕಾಯಿಲೆ ಬಿದ್ದಿದ್ದಾರೆಂದು ಚರ್ಚಿನ ಉಪದೇಶದಲ್ಲಿ ಹೇಳಿದ. ಮಧ್ಯಾಹ್ನ ನೋಡಿದರೆ ಊರಿಗೆ ಊರೇ ಆಹಾರ ಹೊತ್ತು ಆ ಮನೆಯ ದಾರಿ ಹಿಡಿದಿತ್ತು. ಇಂದು ತಿಂದು ಮುಗಿಯದಷ್ಟು. ಉಳಿದದ್ದು ಕೊಳೆಯುತ್ತದೆ, ಕೆಲವೇ ದಿನದಲ್ಲಿ ಮನೆಯವರು ಮತ್ತೆ ಉಪವಾಸ. ಕರುಣೆಗೆ ಕೊರತೆಯಿಲ್ಲ, ವ್ಯವಸ್ಥೆ ಇಲ್ಲ ಎಂದು ಅವನಿಗೆ ಹೊಳೆಯಿತು. ಹೆಂಗಸರನ್ನು ಕೂಡಿಸಿ ಯಾವ ದಿನ ಯಾರ ಸರದಿ ಎಂದು ಗೊತ್ತುಮಾಡಿ, ಅದೇ ವರ್ಷ ನಿಯಮಾವಳಿಯನ್ನೂ ಬರೆದ.

ಈಗ ನೀನು ಬಣ್ಣ ಬಳಿಸಬೇಕೆಂದಿರುವ ಅಚ್ಚುಮೆಚ್ಚಿನ ಗೋಡೆ. 10 ಮೀಟರ್ ಉದ್ದ, 3 ಮೀಟರ್ ಎತ್ತರ ಅಂದರೆ 30 ಚದರ ಮೀಟರ್. ಎರಡು ಕೋಟ್ ಬಣ್ಣಕ್ಕೆ 60. ಒಂದು ಲೀಟರ್ ಎಮಲ್ಷನ್ ಬಣ್ಣ ಒಂದು ಕೋಟ್‌ಗೆ ಸುಮಾರು 10 ಚದರ ಮೀಟರ್ ಹಿಡಿಯುತ್ತದೆ, ಹಾಗಾಗಿ 6 ಲೀಟರ್. ಒರಟು ಗೋಡೆ ಹೆಚ್ಚು ಕುಡಿಯುತ್ತದೆ, 7 ಇಟ್ಟುಕೋ. ಇದಕ್ಕೆ ರೋಲರ್ ಹಿಡಿದ 4 ಜನ, ಅಂಚಿಗೆ ಬ್ರಷ್ ಹಿಡಿದ 2, ನೆಲಕ್ಕೆ ಹಾಸಿ ಚೆಲ್ಲಿದ್ದು ಒರೆಸಲು 1. ಒಟ್ಟು 7. ನೀನು ಬರೆದಿರುವುದು 20. ಉಳಿದ 13 ಜನ ಮೊಬೈಲಿಗೆ ಬಣ್ಣ ಬಳಿಯುತ್ತಾರೆಯೇ? ಅದಕ್ಕಿಂತ ದೊಡ್ಡ ತೊಡಕು ಒಣಗುವ ಸಮಯ. ಒಂದು ಕೋಟ್‌ನಿಂದ ಇನ್ನೊಂದು ಕೋಟ್‌ಗೆ ಡಬ್ಬಿಯ ಮೇಲೆ ಬರೆದಷ್ಟು, ಸಾಮಾನ್ಯವಾಗಿ 2ರಿಂದ 4 ಗಂಟೆ ಬಿಡಬೇಕು. ಕೆರೆಯುವುದು, ಪುಟ್ಟಿ ತುಂಬುವುದು, ಪ್ರೈಮರ್ ಎಲ್ಲವನ್ನೂ ಅದೇ ಬೆಳಿಗ್ಗೆ ಶುರುಮಾಡಿದರೆ ನಿನ್ನ 4 ಗಂಟೆಯಲ್ಲಿ ಒಂದು ಕೋಟೂ ನೆಟ್ಟಗೆ ಬೀಳದು. 5 ಜನರ ತಂಡ ಒಂದು ವಾರ ಮುಂಚೆ ಹೋಗಿ ತಯಾರಿ ಮುಗಿಸಲಿ, ಎರಡನೇ ಕೋಟ್‌ಗೂ ಅವರೇ ಮಧ್ಯಾಹ್ನ ಉಳಿಯಲಿ. ಧೂಳು ಒರೆಸದ ಗೋಡೆಯ ಬಣ್ಣ ಟೇಪಿನ ಜೊತೆಗೇ ಎದ್ದುಬರುತ್ತದೆ. ತೇವ ಇರುವ ಗೋಡೆಯನ್ನು ಮುಟ್ಟಲೇಬೇಡಿ. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಿ ಸರಿಪಡಿಸದೆ ಬಳಿದರೆ ಗುಳ್ಳೆಯೆದ್ದು ಉದುರುತ್ತದೆ, ಉದುರಿದ್ದು ಗುಡಿಸುವವರು ಅಲ್ಲಿಯವರೇ.

ಕಸ ಎತ್ತುವುದು ಸುಲಭ, ಸಾಗಿಸುವುದೇ ಕಷ್ಟ. ಚೀಲಗಳನ್ನು ಯಾವ ವಾಹನ, ಎಷ್ಟು ಗಂಟೆಗೆ, ಎಲ್ಲಿಂದ ಒಯ್ಯುತ್ತದೆ ಎಂಬುದು ಬರವಣಿಗೆಯಲ್ಲಿ ಇರಲಿ. ಇಲ್ಲದಿದ್ದರೆ ಅಷ್ಟೂ ಚೀಲ ಮೂಲೆಯಲ್ಲಿ ಉಳಿದು, ರಾತ್ರಿ ನಾಯಿಗಳು ಹರಿದು, ಬೀದಿ ಮೊದಲಿಗಿಂತ ಹೊಲಸಾಗುತ್ತದೆ. ಹಸಿ ಮತ್ತು ಒಣ ಕಸ ಬೇರೆ ಬೇರೆ, ಒಂದು ಚೀಲ 10 ಕೆಜಿ ದಾಟಬಾರದು. ತೆಳು ಪ್ಲಾಸ್ಟಿಕ್ ಕೈಗವಸು ಗಾಜಿನ ಚೂರಿಗೆ ಹರಿಯುತ್ತದೆ. ರಬ್ಬರ್ ಲೇಪದ ದಪ್ಪನೆಯದು ಬೇಕು, ಎರಡು ಮೂರು ಅಳತೆಯಲ್ಲಿ, ತಲೆಗೊಂದು ಜೊತೆಯ ಮೇಲೆ ಹತ್ತಕ್ಕೊಂದು ಹೆಚ್ಚುವರಿ. ಸೂಜಿ, ಸಿರಿಂಜು ಕಂಡರೆ ಹುಡುಗರು ಮುಟ್ಟದೆ ಕೂಗಬೇಕು. ದೊಡ್ಡವರು ಇಕ್ಕಳದಲ್ಲಿ ಹಿಡಿದು ಮುಚ್ಚಳವಿರುವ ಗಟ್ಟಿ ಡಬ್ಬಿಗೆ ಹಾಕಬೇಕು, ಚೀಲಕ್ಕಲ್ಲ. ಕೆಸರು ಮೆತ್ತಿದ ಕೈಗೆ ಸ್ಯಾನಿಟೈಸರ್ ನಾಟುವುದಿಲ್ಲ, ಸೋಪು ನೀರೇ ಆಗಬೇಕು. ಕುಡಿಯುವ ನೀರು ತಲೆಗೆ ಗಂಟೆಗೆ ಅರ್ಧ ಲೀಟರಿನಂತೆ ಇರಲಿ. ಬಿಸಿಲು ಜೋರಿದ್ದರೆ ಇನ್ನೂ ಹೆಚ್ಚು.

ಬೇಯಿಸಿದ ಊಟ ಹಂಚುವುದಾದರೆ 60 ಡಿಗ್ರಿಗಿಂತ ಬಿಸಿಯಾಗಿ ಇಡಬೇಕು, ಆಗದಿದ್ದರೆ ಎರಡು ಗಂಟೆಯೊಳಗೆ ತಟ್ಟೆ ಸೇರಬೇಕು. ಯಾರಿಗೆ ತಲುಪಿಲ್ಲ ಎಂದು ನೋಡುವುದೇ ಒಬ್ಬರ ಕೆಲಸವಾಗಿರಲಿ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರು ದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದರು ಎಂಬ ದೂರಿನಿಂದಲೇ ಏಳು ಜನರ ನೇಮಕವಾದದ್ದು. ಯೇಸುವಿನ ಶಿಷ್ಯರಾದ ಪೇತ್ರ ಯೋಹಾನರ ಕಣ್ಣೆದುರಿಗೇ ಪಟ್ಟಿ ತಪ್ಪಿದ್ದರೆ ನಿನ್ನದು ಯಾವ ಲೆಕ್ಕ?

ವೃದ್ಧಾಶ್ರಮಕ್ಕೆ 40 ಜನರ ಹಾಡುಗಾರರ ತಂಡ ಒಯ್ಯುವ ಉಪಾಯ ಕೈಬಿಡು. ಒಬ್ಬ ಹಿರಿಯರಿಗೆ ಇಬ್ಬರು ಸಾಕು. ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ನೆಗಡಿ ಕೆಮ್ಮು ಇದ್ದವರು ಆ ದಿನ ಗೋಡೆಗೆ ಹೋಗಲಿ.

ತಂಡಗಳು ತಲಾ 8 ಜನರದ್ದು, ಪ್ರತಿ ತಂಡದಲ್ಲೂ ಕನಿಷ್ಠ ಮೂರು ಸಭೆಯವರು. ಬಾಗಿಲಲ್ಲೇ ಎಣಿಸಿ ಹಂಚಿಬಿಡು. ಅವರಿಗೆ ಬಿಟ್ಟರೆ ಗೆಳೆಯರು ಗೆಳೆಯರೇ ಗುಂಪಾಗಿ, ಆರು ಸಭೆಗಳು ಆರಾಗಿಯೇ ಮನೆಗೆ ಮರಳುತ್ತವೆ. 120ಕ್ಕೆ 15 ತಂಡ ಅನ್ನುತ್ತೀಯ. ಹೆಸರು ಕೊಟ್ಟವರೆಲ್ಲ ಬರುವುದಿಲ್ಲ. 90 ಜನ ಬಂದರೂ ನಿಲ್ಲುವಂತೆ 11 ತಂಡದ ಕೆಲಸಕ್ಕಷ್ಟೇ ಮಾತು ಕೊಡು, ಉಳಿದ ನಾಲ್ಕು ತಂಡದ್ದು "ಆದರೆ ಆಯಿತು" ಎಂಬ ಕೆಲಸವಾಗಿರಲಿ. 18 ತುಂಬದವರಿರುವ ತಂಡಕ್ಕೆ ಇಬ್ಬರು ದೊಡ್ಡವರು ಕಡ್ಡಾಯ, ಒಬ್ಬ ಹಿರಿಯ ಒಬ್ಬ ಮಗುವಿನ ಜೊತೆ ಒಂಟಿಯಾಗಿ ಎಲ್ಲೂ ಇರಕೂಡದು, ಕಾರಿನಲ್ಲೂ. ಪೋಷಕರ ಒಪ್ಪಿಗೆ ಪತ್ರದಲ್ಲಿ ಅಲರ್ಜಿ, ತುರ್ತು ಸಂಖ್ಯೆ, ಫೋಟೋಗೆ ಒಪ್ಪಿಗೆ ಉಂಟೋ ಇಲ್ಲವೋ, ಈ ಮೂರೂ ಇರಲಿ. ಇದರಲ್ಲಿ ರಾಜಿ ಬೇಡ, ಯಾವ ಪಾಸ್ಟರ್ "ನಮ್ಮ ಹುಡುಗರೇ ಅಲ್ಲವೇ" ಅಂದರೂ.

ಪ್ರಾರ್ಥನೆಯ ವಿಷಯ ಸೂಕ್ಷ್ಮ. ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಬೇಡ, ಕಥೋಲಿಕ ಮತ್ತು ಆರ್ಥಡಾಕ್ಸ್ ಸಭೆಗಳ ನಿಯಮ ಒಪ್ಪುವುದಿಲ್ಲ, ಅರ್ಧ ಜನ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಪೆಂಟೆಕೋಸ್ಟಲ್ ಹುಡುಗರು ಎಲ್ಲರೂ ಒಮ್ಮೆಗೇ ಗಟ್ಟಿಯಾಗಿ ಪ್ರಾರ್ಥಿಸುವಾಗ ಮೌನಕ್ಕೆ ಒಗ್ಗಿದವರು ಬೆಚ್ಚುತ್ತಾರೆ, ಮೌನದಲ್ಲಿ ಇವರು ಚಡಪಡಿಸುತ್ತಾರೆ. ಒಂದು ಕೀರ್ತನೆ ಓದಿ, ಒಂದು ನಿಮಿಷ ಸುಮ್ಮನಿದ್ದು, ಯೇಸು ಕಲಿಸಿದ ಕರ್ತರ ಪ್ರಾರ್ಥನೆ ಹೇಳಿದರೆ ಸಾಕು. ಅದರಲ್ಲೂ ಒಂದು ಗುಂಡಿ ಇದೆ: ಕೇಡಿನಿಂದ ತಪ್ಪಿಸು ಎಂಬಲ್ಲಿ ಕಥೋಲಿಕರು ಆಮೆನ್ ಅನ್ನುತ್ತಾರೆ, ಪ್ರೊಟೆಸ್ಟೆಂಟರು ರಾಜ್ಯವೂ ಬಲವೂ ಎಂದು ಮುಂದುವರಿಯುತ್ತಾರೆ. ಎಲ್ಲಿ ನಿಲ್ಲಿಸುವುದೆಂದು ಮೊದಲೇ ಹೇಳಿಬಿಡು. ನಿನ್ನ ಆರರಲ್ಲಿ ಏಳನೇ ದಿನದ ಅಡ್ವೆಂಟಿಸ್ಟರು ಇದ್ದರೆ ಶನಿವಾರ ಅವರಿಗೆ ಸಬ್ಬತ್, ಅಂದರೆ ಕೆಲಸ ಬಿಡುವ ಪವಿತ್ರ ದಿನ, ಭಾನುವಾರ ಮಧ್ಯಾಹ್ನ ನೋಡು. ಊಟದ ಪೊಟ್ಟಣದೊಳಗೆ ಕರಪತ್ರ ಇಡುವುದು ಬೇಡ. ಯಾರಾದರೂ ಕೇಳಿದರೆ ನಮ್ಮ ನಂಬಿಕೆ ಹೇಳೋಣ. ಕೇಳದವರ ಹಸಿವನ್ನು ಗಾಳವಾಗಿ ಬಳಸುವುದು ಬೇಡ. ಪಡೆಯುವವರ ಮುಖದ ಫೋಟೋ ಹಾಕುವುದೂ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಮತ್ತಾಯ 6ರಲ್ಲಿ ಹೇಳಿದ ಯೇಸು ಕ್ಯಾಮೆರಾಕ್ಕೆ ವಿನಾಯಿತಿ ಕೊಟ್ಟಂತೆ ಕಾಣುವುದಿಲ್ಲ.

ಬ್ಯಾನರಿಗೆ ಬಂದೆ. ಬೈಬಲ್ಲಿನ ಯೆರೆಮೀಯ 29:7 ಹಾಕಿಸಿದ್ದೀಯ. ಎಲ್ಲರೂ ಅದನ್ನೇ ಹಾಕಿಸುತ್ತಾರೆ: ಪಟ್ಟಣದ ಕ್ಷೇಮ ಬಯಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ಈಚೆಗೆ ಅಧ್ಯಾಯ ಪೂರ್ತಿ ಓದಿದೆ. ಅದೂ ಒಂದು ಪತ್ರವೇ ಕಣೋ. ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಯೆರೂಸಲೇಮಿನಿಂದ ಹೋದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ತಿನ್ನಿ, ಮದುವೆಯಾಗಿ, ಮಕ್ಕಳ ಮದುವೆ ಮಾಡಿ. ಬ್ಯಾನರಿನ ವಚನದಿಂದ ಮೂರೇ ವಚನ ಕೆಳಗೆ ಲೆಕ್ಕ ಸಿಗುತ್ತದೆ: 70 ವರ್ಷ. ಎಪ್ಪತ್ತು ವರ್ಷ ಅಲ್ಲೇ ಬದುಕುವವರಿಗೆ ಬರೆದದ್ದನ್ನು ನಾವು 4 ಗಂಟೆ ನೇತುಹಾಕಿ ಸಂಜೆ ಸುತ್ತಿ ಅಟ್ಟಕ್ಕೆ ಎಸೆಯುತ್ತೇವೆ. ಇದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ, ಇಳಿಯುತ್ತಿಲ್ಲ.

ಯಾಕೆಂದರೆ ನನಗೆ ಆ 4 ಗಂಟೆಯೇ ಇಷ್ಟ. ಮುಗಿಯುತ್ತದೆ ಎಂಬ ಕಾರಣಕ್ಕೇ ಇಷ್ಟ. ಅದೇ ಹಿರಿಯರು ಅದೇ ಮಾತನ್ನು ತಿಂಗಳು ತಿಂಗಳು ಹೇಳುವಾಗ ಕೂತು ಕೇಳಬೇಕಲ್ಲ, ಅಲ್ಲಿ ನನ್ನ ಲೀಟರು ಮೀಟರು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಬರೆಯಲು ಕೂತಿದ್ದೇನೆ, ಇದನ್ನೂ ಹೇಳಿಬಿಡುತ್ತೇನೆ: ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನು ಬ್ರಷ್ ಎಣಿಸುತ್ತಿರುತ್ತೇನೆ. ಪಾಪ, ಎಷ್ಟು ಜವಾಬ್ದಾರಿ ಎಂದು ಹಿರಿಯರು ಮೆಚ್ಚುತ್ತಾರೆ. ಬ್ರಷ್ ಇದೆ ಎಂಬುದು ನನಗೆ ಖಾತ್ರಿ. ಕೇಳಿಸಿಕೊಳ್ಳುವವನು ಇದ್ದಾನೆ ಎಂಬುದು ಕೆಲವು ದಿನ ಅಷ್ಟು ಖಾತ್ರಿ ಇರುವುದಿಲ್ಲ. ಸೇವೆ ಮಾಡುತ್ತಿದ್ದರೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳಿಕೊಳ್ಳುವುದಿಲ್ಲ. ಅದಕ್ಕೇ ಇಷ್ಟು ಸೇವೆಯೋ ಏನೋ.

ಇಷ್ಟು ಬರೆಯುವ ಅಂದಾಜಿರಲಿಲ್ಲ. ಅಮ್ಮ ಓದುತ್ತಿದ್ದರೆ: ಭಾನುವಾರ ತಪ್ಪಿಸಿಲ್ಲ, ಎರಡನೇ ಸಾಲು. ಪಾಸ್ಟರ್ ಓದುತ್ತಿದ್ದರೆ: ಮೇಲಿನ ಪ್ಯಾರಾ ಪೂರ್ತಿ ಮುದ್ರಣದೋಷ. ನೀನು ಓದುತ್ತಿದ್ದರೆ ಅದನ್ನು ಹಾರಿಸಿ ಇದನ್ನು ಓದು.

ಎರಡನೇ ದಿನಾಂಕವನ್ನು ಮೊದಲನೆಯ ದಿನಕ್ಕಿಂತ ಮುಂಚೆಯೇ ಗೊತ್ತುಮಾಡಿಬಿಡು. 120 ಜನ ಬೇಡ. ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಹೋಗಲು ಒಪ್ಪುವ 8 ಜನ ಸಾಕು, ಒಂದೇ ಸಭೆಯಿಂದ ಇಬ್ಬರಿಗಿಂತ ಹೆಚ್ಚಿಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು ಬಡವರ ಮನೆಗೆ ಹೋಗುವ ಕೂಟ ಶುರುಮಾಡಿದ್ದು ಹೆಚ್ಚುಕಡಿಮೆ ಇಷ್ಟೇ ಜನರಿಂದ. ಅವನಿಗೆ ಆಗ 20 ವರ್ಷ. ನಿಮ್ಮ ಸಭೆ ಹಿಂದೆ ಏನೇನೋ ಮಾಡಿರಬಹುದು, ಈಗ ನೀವೇನು ಮಾಡುತ್ತೀರಿ ಎಂದು ಚರ್ಚಾಕೂಟದಲ್ಲಿ ಎದುರಾಳಿಗಳು ಕುಟುಕಿದ್ದರು. ಯಾವ ಮನೆಗೆ ಹೋಗಬೇಕೆಂದು ಹುಡುಗರು ತಾವೇ ಆರಿಸಿಕೊಳ್ಳಲಿಲ್ಲ. ಆ ಬಡಾವಣೆಯಲ್ಲಿ ವರ್ಷಗಳಿಂದ ದುಡಿಯುತ್ತಿದ್ದ ರೋಸಲಿ ರಾಂದ್ಯು ಎಂಬ ಸಿಸ್ಟರ್ ಬಳಿ ಹೋಗಿ ಕೇಳಿದರು, ಆಕೆ ಕಳಿಸಿದ ಮನೆಗಳಿಗೆ ಹೋದರು. ಅದೇ ಕೂಟ ಸಂತ ವಿನ್ಸೆಂಟ್ ದಿ ಪಾಲ್ ಸೊಸೈಟಿಯಾಗಿ ಇಂದಿಗೂ ಮನೆಮನೆಗೆ ಹೋಗುತ್ತಿದೆ. ನಿನ್ನ 8 ಜನರಿಗೂ ಅಂಥ ಒಬ್ಬ ಸಿಸ್ಟರ್ ಹುಡುಕು. ಇಲ್ಲವೇ ಶಾಲೆಯ ಆಯಾ, ತಂಗುದಾಣದ ರಾತ್ರಿ ಕಾವಲುಗಾರ, ಯಾರಾದರೂ ಸರಿ, ನಿನಗಿಂತ ಮುಂಚಿನಿಂದ ಅಲ್ಲಿರುವವರು.

ಟೀ ಶರ್ಟ್ ಬೇಡವೇ ಬೇಡ. ಆರು ಸಭೆಗಳ ಹೆಸರನ್ನು ಯಾವ ಕ್ರಮದಲ್ಲಿ ಅಚ್ಚು ಹಾಕಿಸಬೇಕೆಂಬ ಜಗಳಕ್ಕೆ ಎರಡು ಮೀಟಿಂಗ್ ಕರೆಯಬೇಕಾಗುತ್ತದೆ, ನಂತರ ಅಳತೆಯ ಜಗಳ. ತೋಳಿಗೊಂದು ಬಣ್ಣದ ಪಟ್ಟಿ ಸಾಕು, ಉಳಿದ ಹಣ ಪ್ರೈಮರಿಗೆ. ಖಾತೆಗೆ ಎರಡು ಸಹಿ, ವಾರದೊಳಗೆ ಲೆಕ್ಕದ ಪ್ರತಿ ಆರೂ ಸಭೆಗೆ ತಲುಪಲಿ. ಏಣಿ ನಾನು ತರುತ್ತೇನೆ. ಹತ್ತುವುದು ಮಾತ್ರ ನೀನಲ್ಲ, ಯಾಕೆಂದು ಇಷ್ಟು ಜನರ ಮುಂದೆ ಹೇಳುವುದಿಲ್ಲ.

ಇಂತಿ ನಿನ್ನ,
ಕೇಳದೇ ಸಲಹೆ ಕೊಡುವವ